ಬಲಕ್ಕೆ ತಿರುಗಿದ ಮಗು

“ಮಗು ಯಾವಾಗಲೂ ಬಲಕ್ಕೇ ತಿರುಗಿ ಮಲಗುತ್ತಾ? ಆ ಕಡೆ ಏನಿದೆ, ಟಿವಿನಾ?” ತಲೆಯ ಆಕಾರ ಸರಿಪಡಿಸುವ ಹೊಸ ಹೆಲ್ಮೆಟ್ ತೊಡಿಸುವ ಮುನ್ನ ಐದು ತಿಂಗಳ ಕೂಸಿನ ತಲೆ ಅಳೆಯುತ್ತ ನರ್ಸಮ್ಮ ನಗುತ್ತಾ ಕೇಳಿದರು. ತಲೆಯ ಹಿಂಬದಿ ಬಲಗಡೆ ಚಪ್ಪಟೆಯಾಗಿತ್ತು.

“ಗೊತ್ತಿಲ್ಲ ಮೇಡಂ. ನಂದೇ ತಪ್ಪು, ಕೆಲಸಕ್ಕೆ ಹೋಗ್ತೀನಿ,” ಎಂದಳು ಮಗುವಿನ ತಾಯಿ.

ಅದು ಅವಳ ಮಾತಲ್ಲ, ಪಕ್ಕದಲ್ಲಿ ಕುಳಿತಿದ್ದ ಮಾವನದು. ‘ಕೂಸನ್ನ ಬಿಸಾಕಿ ಓಡಿದರೆ ತಲೆ ಸೊಟ್ಟಗಾಗದೆ ಇನ್ನೇನು?’ ಎಂದು ಅವರು ಬೆಳಿಗ್ಗೆಯಷ್ಟೇ ಅಂದಿದ್ದರು. ಈಗ ತೊಟ್ಟಿಲ ಬಲಗಡೆಯ ಗೋಡೆ ಅವರ ಕಣ್ಣಿಗೆ ಕಟ್ಟಿತು. ನಾಲಿಗೆಯ ಮೇಲಿದ್ದ ದೇವರ ನಾಮ ಅಲ್ಲೇ ನಿಂತಿತು.

“ಆ ಕಡೆ ಇವನ ಅಜ್ಜಿ ಫೋಟೋ ಇದೆಯಮ್ಮ,” ಎಂದರು. “ಇವನ ಮುಖ ನೋಡದೇ ಹೋದಳು. ಅಲ್ಲಿಂದಾದರೂ ನೋಡ್ಲಿ ಅಂತ ನಾನೇ ದಿನಾ ಆ ಕಡೆ ತಿರುಗಿಸಿ ಮಲಗಿಸ್ತಿದ್ದೆ. ಮಗು ಹೊರಳಿದ್ರೆ ಮತ್ತೆ ತಿರುಗಿಸ್ತಿದ್ದೆ.”

ಸೊಸೆ ಹೆಲ್ಮೆಟನ್ನು ಅವರ ಕೈಗೆ ಕೊಟ್ಟು, “ಹಾಕೋದು ನೀವೇ ಕಲೀರಿ ಮಾವ. ಹಗಲೆಲ್ಲ ನಿಮ್ಮ ಹತ್ರಾನೇ ಇರ್ತಾನಲ್ಲ,” ಎಂದಳು.

ಅವಳು ಒಂದು ಮಾತಾದರೂ ಬೈದಿದ್ದರೆ ಅವರು ಅವಳ ಮುಖ ನೋಡಬಹುದಿತ್ತು.