ಮೊದಲ ತೂಕಕ್ಕೆ ಯಾರಿದ್ದರು?

ಲಾರಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗಲೇ ತೂಕದಕ್ಕನ ಮಂಡಿ ಕಟಕ್ ಎಂದಿತು. ಎರಡನೆಯದಕ್ಕೆ ಉಸಿರು ಗಂಟಲಿಗೆ ಬಂತು. ಮೂರನೆಯದಕ್ಕೆ ಗಂಡ ಕೆಳಗಿನಿಂದ ಹೆಗಲು ಕೊಟ್ಟು, "ಹೂಂ, ಆಯ್ತು, ಇನ್ನೊಂಚೂರು" ಎನ್ನುತ್ತ ಹೇಗೋ ಅವಳನ್ನು ಸೀಟಿನ ಮೇಲೆ ಕೂರಿಸಿದ. ಮದುವೆಯಾದಾಗಿನಿಂದ ಅವನು ಓಡಿಸಿದ ಲಾರಿಗಳನ್ನೆಲ್ಲ ವೇಬ್ರಿಡ್ಜಿನ ಮೇಲೆ ತೂಗಿದವಳು ಅವಳೇ. ಹತ್ತಿದ್ದು ಇದೇ ಮೊದಲು.

ಉಪಾಯ ಗಂಡನದು. ಹಿಂದಿನ ದಿನ ಇಬ್ಬರೂ ಹೊಟ್ಟೆ ಚಿಕ್ಕದು ಮಾಡುವ ಡಾಕ್ಟರ ಹತ್ತಿರ ಹೋಗಿದ್ದರು. ಅಲ್ಲಿನ ತೂಕದ ಯಂತ್ರ ಅವಳು ನಿಂತದ್ದೇ ತಡ, ಅಂಕಿ ಬಿಟ್ಟು ಒಂದು ಅಡ್ಡಗೆರೆ ತೋರಿಸಿ ಕೈಚೆಲ್ಲಿತು. ದೊಡ್ಡ ಯಂತ್ರ ರಿಪೇರಿಗೆ ಹೋಗಿತ್ತಂತೆ. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬರಬಹುದು, ಮಂಡಿಗೂ ಸುಖ. ಆದರೆ ಆಮೇಲೆ ಒಂದು ಹೊತ್ತಿನ ಊಟ ಎಂದರೆ ನಾಲ್ಕು ಚಮಚ, ಮಾತ್ರೆ ಬದುಕಿರುವವರೆಗೆ, ಅಪಾಯ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಕೊನೆಗೆ ಅವಳ ಮುಖ ನೋಡಿ, "ಇದು ನಿಮಗೆ ಬೇಕಾ?" ಎಂದರು. ಅವಳು ಬಾಯಿ ತೆರೆಯುವ ಮೊದಲೇ ಗಂಡ, "ಬೇಕು ಡಾಕ್ಟ್ರೇ" ಎಂದ. ಡಾಕ್ಟರು ಪೆನ್ನು ಕೆಳಗಿಟ್ಟರು. ಯೋಚನೆ ಮಾಡಿ ಬನ್ನಿ ಎಂದು ಕಳಿಸಿದರು. ತೂಕವೇ ಗೊತ್ತಿಲ್ಲದೆ ಯೋಚಿಸುವುದಾದರೂ ಏನನ್ನು ಎಂದು ದಾರಿಯುದ್ದಕ್ಕೂ ಗೊಣಗಿದವನಿಗೆ ಮನೆಯ ಹತ್ತಿರ ಬರುವಾಗ ಹೊಳೆದದ್ದು ಹೆಂಡತಿಯ ವೇಬ್ರಿಡ್ಜು.

ಆ ವೇಬ್ರಿಡ್ಜಿನಲ್ಲಿ ಅವಳದೊಂದು ಕಟ್ಟಳೆ. ಸರಕು ತುಂಬಿದ ಲಾರಿ ತೂಗುವಾಗ ಕ್ಯಾಬಿನ್ನಿನಲ್ಲಿ ಯಾರು ಕೂತಿದ್ದರೋ, ಖಾಲಿ ಲಾರಿ ತೂಗುವಾಗಲೂ ಅವರೇ ಕೂತಿರಬೇಕು. ಎರಡನೇ ತೂಕಕ್ಕೆ ಮೆಲ್ಲಗೆ ಇಳಿದು ಬೀಡಿ ಹಚ್ಚಿದರೆ, ಇಳಿದವನ ತೂಕವೂ ಸರಕಿನ ಲೆಕ್ಕಕ್ಕೆ ಸೇರಿ ಕೊಳ್ಳುವವನ ತಲೆಗೆ ಟೋಪಿ. ಈ ಕಳ್ಳಾಟ ಆಡಿದ ಡ್ರೈವರುಗಳನ್ನು ಅವಳು ಗಾಜಿನ ಕೋಣೆಯಿಂದಲೇ ಮೈಕಿನಲ್ಲಿ ಬೈದು ಹತ್ತಿಸುತ್ತಿದ್ದಳು.

ಊಟದ ಹೊತ್ತು, ಗೇಟಿನಲ್ಲಿ ಯಾರೂ ಇರಲಿಲ್ಲ. ಗಂಡ ಖಾಲಿ ಲಾರಿ ತಂದು ನಿಲ್ಲಿಸಿದಾಗ ಅವಳೇ ಅಂಕಿ ನೋಡಿದ್ದಳು: ಏಳು ಸಾವಿರದ ನಾನೂರು. ಈಗ ಅವಳನ್ನು ಹತ್ತಿಸಿ ಅವನು ಗಾಜಿನ ಕೋಣೆಗೆ ಓಡಿದ. ಮರುಗಳಿಗೆ ಮೈಕು ಕಿರುಚಿತು.

"ಏಳು ಸಾವಿರದ ನಾನೂರ ಎಂಬತ್ತು! ಬರೀ ಎಂಬತ್ತು ಕೆಜಿ ಕಣೇ! ಆ ಡಾಕ್ಟ್ರ ಯಂತ್ರಕ್ಕೇ ಹುಚ್ಚು!"

ತೂಕದಕ್ಕ ನಕ್ಕಳು. ಸೀಟಿನ ಸ್ಪ್ರಿಂಗುಗಳೂ ಜೊತೆಗೂಡಿದವು. "ರೀ, ಮೊದಲ ತೂಕಕ್ಕೆ ಕ್ಯಾಬಿನ್ನಲ್ಲಿ ಯಾರಿದ್ರು?"

"ನಾನಿದ್ದೆ."

"ಈಗ ಎಲ್ಲಿದ್ದೀರಿ?"

ಗಾಜಿನ ಹಿಂದೆ ಗಂಡನ ಮುಖ ಸುಟ್ಟ ಬಲ್ಬಿನ ಹಾಗಾಯಿತು. "ಥತ್! ಅಂದ್ರೆ ಇಳಿದ ನನ್ನದೊಂದು ಎಂಬತ್ತು, ಅದರ ಮೇಲೆ ಏರಿದ ಈ ಎಂಬತ್ತು, ಒಟ್ಟು ನಿನ್ನದು..." ಎಂದು ಬೆರಳು ಮಡಚಿ, ಮೈಕು ಆರಿಸಿ, ಕಿಟಕಿಯಿಂದ ತಲೆ ಹೊರಹಾಕಿದ.

"ನೂರ ಅರವತ್ತು. ಮೈಕಲ್ಲೇ ಹೇಳಿ. ಎಂಬತ್ತು ಅನ್ನೋವಾಗ ಆರಿಸ್ಲಿಲ್ವಲ್ಲ."

"ಗೊತ್ತಾಯ್ತಲ್ಲ, ಸುಮ್ನೆ ಮಾಡಿಸ್ಕೊಂಡ್ಬಿಡು. ಜನ ಆಡ್ಕೋತಾರೆ. ಮೊನ್ನೆ ಆ ಸಿಮೆಂಟ್ ಲಾರಿಯವನು..."

"ತೂಕದಕ್ಕ ಮೇಲೆ ನಿಂತ್ರೆ ವೇಬ್ರಿಡ್ಜು ಕುಸಿಯುತ್ತೆ ಅಂದ. ನಂಗೂ ಕೇಳಿಸ್ತು. ನೀವು ನಕ್ಕಿದ್ದೂ ಕೇಳಿಸ್ತು."

ಅವನು ಕಿಟಕಿಯ ಚೌಕಟ್ಟು ಹಿಡಿದು ನಿಂತ. ಅವಳು ದನಿ ಏರಿಸಲಿಲ್ಲ. ದಿನಾ ಡ್ರೈವರುಗಳಿಗೆ ಅಂಕಿ ಹೇಳುವ ದನಿಯಲ್ಲೇ ಹೇಳಿದಳು: "ಆಡ್ಕೊಳ್ಳೋರ ಬಾಯಿ ಹೊಲಿಯೋ ಡಾಕ್ಟ್ರು ಎಲ್ಲೂ ಸಿಗಲ್ಲ. ಅದಕ್ಕೆ ನನ್ನ ಹೊಟ್ಟೆ ಕೊಯ್ಸಿ ಹೊಲಿಸ್ಬೇಕು. ಅಲ್ವಾ?"

"ಹಾಗಾದ್ರೆ ಬೇಡ್ವಾ?"

"ಬೇಡ ಅಂದ್ನಾ? ಈ ಮೂರು ಮೆಟ್ಲು ಹತ್ತೋಷ್ಟರಲ್ಲಿ ಪ್ರಾಣ ಹೋಗಿ ಬಂತು. ನಂಗೆ ಉಸಿರು ಬೇಕು, ಮಂಡಿ ಬೇಕು. ಅದಕ್ಕೆ ಮಾಡಿಸ್ಕೋತೀನಿ, ಯಾವನೋ ನಗ್ತಾನೆ ಅಂತಲ್ಲ. ಡಾಕ್ಟ್ರಿಗೆ ಇದನ್ನ ನಾನೇ ಹೇಳ್ತೀನಿ, ನೀವು ನಡುವೆ ಬಾಯಿ ಹಾಕ್ಬೇಡಿ."

"ಆಯ್ತಮ್ಮ."

"ಅಷ್ಟಕ್ಕೇ ಆಗ್ಲಿಲ್ಲ. ನಾಲ್ಕು ಚಮಚಕ್ಕೆ ನನ್ನೂಟ ಮುಗಿಯುತ್ತೆ. ಆಗ ಜೊತೆಗೆ ಕೂತಿರ್ತೀರೋ, ಈಗಿನ ಹಾಗೆ ದೂರ ನಿಂತು ಅಂಕಿ ಓದ್ತೀರೋ? ನನ್ನ ಕಟ್ಟಳೆ ಗೊತ್ತಲ್ಲ. ಮೊದಲ ತೂಕಕ್ಕೆ ಇದ್ದೋರು ಎರಡನೇ ತೂಕಕ್ಕೂ ಇರ್ಬೇಕು."

ಅಷ್ಟರಲ್ಲಿ ಹಿಂದಿನಿಂದ ಹಾರ್ನು ಕೇಳಿತು. ಸಿಮೆಂಟ್ ಲಾರಿಯವನೇ. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, "ಏನಣ್ಣಾ, ಇವತ್ತು ಅಕ್ಕನ್ನೇ ಲೋಡ್ ಮಾಡಿದ್ಯಾ? ಟೈರು ಜೋಪಾನ!" ಎಂದು ಕೂಗಿ, ನಗುವಿಗಾಗಿ ಕಾದ.

ಗಂಡನ ತುಟಿ ಅಭ್ಯಾಸಬಲದಿಂದ ಅರ್ಧ ಬಿಚ್ಚಿತು. ಹಾಗೇ ಮುಚ್ಚಿಕೊಂಡಿತು. ಅವನು ಗಾಜಿನ ಕೋಣೆಯಿಂದ ಇಳಿದು ಬಂದು, ಲಾರಿಯ ಮೂತಿಯನ್ನು ಸುತ್ತಿ ಆಚೆ ಬಾಗಿಲು ತೆರೆದು ಹತ್ತಿದ. ಹೆಂಡತಿಯ ಪಕ್ಕ ಕೂತು ಬಾಗಿಲು ಎಳೆದುಕೊಂಡ. ಹಾರ್ನು ಮತ್ತೆ ಮೊಳಗಿತು. ಇಬ್ಬರೂ ಅಲುಗಲಿಲ್ಲ.

ಹೊರಗಿನ ಫಲಕದ ಮೇಲೆ ಕೆಂಪು ಅಂಕಿ ಮತ್ತೆ ಎಂಬತ್ತು ಏರಿತು. ಕೂಗಿ ಹೇಳಲು ಗಾಜಿನ ಕೋಣೆಯಲ್ಲಿ ಯಾರೂ ಇರಲಿಲ್ಲ.