ಮೊದಲನೇ ಸಾಲಿನ ಛತ್ರಿ

ಎರ್ಮಿನಿಯಾ ಬೇಯಿಸಿದ ಸೊಪ್ಪನ್ನು ಮುಷ್ಟಿಯಲ್ಲಿ ಹಿಡಿದು ಹಿಂಡುತ್ತಿದ್ದಳು. ಭಾನುವಾರದ ತೊರ್ತೆಲ್ಲಿ ಎಂಬ ಕಡುಬಿಗೆ ಹೂರಣವಾಗಬೇಕಾದ ಸೊಪ್ಪು. ಸ್ವಲ್ಪ ನೀರು ಉಳಿದರೂ ಕುದಿಯುವಾಗ ಹಿಟ್ಟು ಬಾಯಿಬಿಡುತ್ತದೆ. ಮಗಳು ಲೊರೆಡಾನಾ ಫೋನ್ ಇಟ್ಟು ಅಡುಗೆಮನೆಗೆ ಬಂದಳು.

"ಮತ್ತೆ ಫುಲ್ವಿಯೊ. ಈ ತಿಂಗಳೊಳಗೆ ನಿನ್ನ ಕಾಗದ ಬರದಿದ್ರೆ ಮೊದಲನೇ ಸಾಲಿನ ಛತ್ರೀನ ಬೇರೆಯವರಿಗೆ ಕೊಡ್ತಾನಂತೆ."

"ಬರೀತೀನಿ. ಕೈ ಒದ್ದೆ ಇದೆ."

"ನವೆಂಬರಿಂದ ಒದ್ದೇನೇ ಇದೆಯಲ್ಲಮ್ಮ."

ನವೆಂಬರಿನಲ್ಲಿ ನೋಟರಿ ಬೆರ್ತೋಲಿ ತೀರಿಕೊಂಡಿದ್ದರು. ಫುಲ್ವಿಯೊ ಬೇಸಿಗೆಗೆ ಛತ್ರಿ ಬಾಡಿಗೆ ಕೊಡುವ ಕಡಲತೀರದಲ್ಲಿ ನೀರಿಗೆ ತಾಗಿದ ಮೊದಲನೇ ಸಾಲಿನ ಛತ್ರಿ ಅವರದು, ಅದರ ಹಿಂದಿನದು ಎರ್ಮಿನಿಯಾಳ ಮನೆಯವರದು. ಅಲ್ಲಿನ ಪದ್ಧತಿಯೇ ಹಾಗೆ. ಪ್ರತಿ ಬೇಸಿಗೆ ಅದೇ ಛತ್ರಿ, ಅದೇ ಜಾಗ. ಮುಂದಿನವರು ಸತ್ತರೆ, ಇಲ್ಲವೇ ಮರಳಿನಲ್ಲಿ ನಡೆಯಲಾರದಷ್ಟು ಕಾಲು ಸೋತರೆ, ಹಿಂದಿನವರು ಒಂದು ಸಾಲು ಮುಂದೆ ಹೋಗಬಹುದು. ಹೊಸಬರು ಯಾರೇ ಬರಲಿ, ಕೊನೇ ಸಾಲಿನಿಂದಲೇ ಶುರು. ಬಾಯಿಮಾತು ನಡೆಯುವುದಿಲ್ಲ. ಹಿಂದೊಮ್ಮೆ ಬಾಯಿಮಾತನ್ನು ನಂಬಿ ಎರಡು ಮನೆಯವರು ಛತ್ರಿಯ ಕೋಲು ಹಿಡಿದು ಹೊಡೆದಾಡಿದ ಮೇಲೆ ಎಲ್ಲವೂ ಕಾಗದದಲ್ಲೇ ಆಗಬೇಕು.

ಎರ್ಮಿನಿಯಾಳ ಗಂಡ ಗಾಸ್ಟೋನೆ ಮದುವೆಯಾದ ವರ್ಷ ಕೊನೇ ಸಾಲಿನಲ್ಲಿ ಛತ್ರಿ ಬಾಡಿಗೆಗೆ ಹಿಡಿದವನು. ಚಳಿಗಾಲದಲ್ಲಿ ಪತ್ರಿಕೆ ಬಂದರೆ ಮೊದಲು ತೆರೆಯುತ್ತಿದ್ದುದು ಸತ್ತವರ ಪುಟ. ಕೆಟ್ಟವನಲ್ಲ. ಕಡಲತೀರದ ನೆರೆಯವರ ಹೆಸರು ಕಂಡರೆ ಅಂತ್ಯಕ್ರಿಯೆಗೆ ಹೋಗಿ, ನಿಜವಾಗಿಯೂ ಕಣ್ಣೊರೆಸಿಕೊಂಡು ಬರುತ್ತಿದ್ದ. ಬಂದವನು ಕೋಟು ಬಿಚ್ಚಿ ಕಡಲತೀರಕ್ಕೆ ಕಾಗದ ಬರೆಯುತ್ತಿದ್ದ. ಹೀಗೆ ಎರಡನೇ ಸಾಲಿನವರೆಗೆ ಬಂದು, ನೋಟರಿಯ ಬೆನ್ನು ನೋಡುತ್ತ ಕಾದು ಕುಳಿತಿರುವಾಗಲೇ, ನೋಟರಿಗಿಂತ ಒಂದು ವರ್ಷ ಮುಂಚೆ ತಾನೇ ಹೋಗಿಬಿಟ್ಟ.

"ಅಪ್ಪ ಇದಕ್ಕೋಸ್ಕರಾನೇ ಬದುಕಿದ್ರು," ಎಂದಳು ಲೊರೆಡಾನಾ. "ಮಕ್ಕಳು ನೀರಲ್ಲಿ ಆಡೋದು ಕೂತಲ್ಲೇ ಕಾಣುತ್ತೆ. ನೀನು ಬಿಟ್ಟರೆ ಯಾರಿಗೆ ಹೋಗುತ್ತೆ ಗೊತ್ತಲ್ಲ? ಮೂರನೇ ಸಾಲಿನ ಆ ಮಿಲಾನಿನವರಿಗೆ. ಇಡೀ ಕಲ್ಲಂಗಡಿ ಕುಯ್ದು ತಿಂತಾರೆ, ಒಂದು ಹೋಳು ತಗೋ ಅಂದವರಲ್ಲ."

"ತಿನ್ನಲಿ ಬಿಡು."

"ಏನಾಗಿದೆ ನಿನಗೆ?"

ಎರ್ಮಿನಿಯಾ ಹಿಂಡಿದ ಸೊಪ್ಪಿನ ಉಂಡೆಯನ್ನು ಹಲಗೆಯ ಮೇಲಿಟ್ಟಳು. ಕುರ್ಚಿ ಎಳೆದು ಕುಳಿತಳು. ಬೆಳಿಗ್ಗೆಯಿಂದ ನಿಂತ ಕಾಲು, ಹಾಗೆ ನೋಡಿದರೆ ಎಷ್ಟೋ ವರ್ಷದಿಂದ ನಿಂತ ಕಾಲು.

"ನನಗೆ ಮುಂದಿನ ಸಾಲು ಯಾವತ್ತೂ ಬೇಕಿರಲಿಲ್ಲ ಕಣೇ. ಅಲ್ಲಿ ಗಾಳಿ, ಕಣ್ಣಿಗೆ ಮರಳು. ಶೌಚಕ್ಕೆ ಹೋಗ್ಬೇಕಂದ್ರೆ ಕಾದ ಮರಳಲ್ಲಿ ಅಷ್ಟುದ್ದ ನಡೀಬೇಕು. ಮಾತಾಡೋಣ ಅಂದ್ರೆ ಎಲ್ಲರೂ ಸಮುದ್ರದ ಕಡೆ ಮುಖ ಮಾಡಿ ಕೂತಿರ್ತಾರೆ. ಕೊನೇ ಸಾಲಲ್ಲಿ ಪೈನ್ ಮರದ ನೆರಳಿತ್ತು. ಪಕ್ಕದಲ್ಲಿ ವಾಂಡಾ ಇದ್ದಳು. ಇಬ್ಬರೂ ಇಸ್ಪೀಟು ಆಡ್ಕೊಂಡು, ಅವರಿವರ ಸುದ್ದಿ ಆಡ್ಕೊಂಡು ಇರ್ತಿದ್ವಿ. ನಿಮ್ಮಪ್ಪ ಕುರ್ಚಿ ಹೊತ್ಕೊಂಡು 'ಬಾರೇ, ಮುಂದೆ ಹೋದ್ವಿ' ಅಂದಾಗೆಲ್ಲ ನಾನು ಅವಳಿಂದ ಒಂದು ಸಾಲು ದೂರ ಆಗ್ತಾ ಬಂದೆ."

"ವಾಂಡಾ ಆಂಟಿ ಇನ್ನೂ ಅಲ್ಲೇ ಇದ್ದಾರಾ?"

"ಇದ್ದಾಳೆ. ಅವಳ ಗಂಡನಿಗೆ ಬಿಸಿಲು ಆಗ್ತಿರಲಿಲ್ಲ, ನೆರಳು ಬಿಟ್ಟು ಮುಂದೆ ಬರಲೇ ಇಲ್ಲ. ಅದೃಷ್ಟವಂತೆ. ಮೊದಮೊದಲು ಎದ್ದು ಹೋಗಿ ಮಾತಾಡಿಸ್ತಿದ್ದೆ. ಈಗ ಕೂತಲ್ಲಿಂದ ಕೈ ಬೀಸ್ತೀನಿ. ಅವಳಿಗೆ ಕಣ್ಣು ಮಂಜು, ಕಾಣುತ್ತೋ ಇಲ್ಲವೋ."

ಲೊರೆಡಾನಾ ಎದುರಿನ ಕುರ್ಚಿ ಎಳೆದುಕೊಂಡು ಕುಳಿತಳು. "ಇಷ್ಟು ವರ್ಷ ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಅವರು ಅಷ್ಟು ಸಂತೋಷವಾಗಿದ್ರು. ಇಬ್ಬರಲ್ಲಿ ಒಬ್ಬರಾದ್ರೂ ಇರಲಿ ಅಂತ."

"ನೀನು ಬಿಟ್ಟರೆ ನನಗೂ ಸಿಗಲ್ಲಮ್ಮ. ನಾನು ಮತ್ತೆ ಕೊನೇ ಸಾಲಿಂದ ಶುರು ಮಾಡ್ಬೇಕು. ಅಪ್ಪ ಜೀವಮಾನ ಎಲ್ಲ ನಡೆದಿದ್ದು ನೀರುಪಾಲಾಗುತ್ತೆ."

ಅದೇ ಮಾತು ಚಳಿಗಾಲವಿಡೀ ಎರ್ಮಿನಿಯಾಳ ಕೈ ಕಟ್ಟಿಹಾಕಿತ್ತು. ಪೆನ್ನು ಹಿಡಿದಾಗೆಲ್ಲ, ಗಾಸ್ಟೋನೆ ಕುರ್ಚಿ ಹೊತ್ತುಕೊಂಡು ತಿರುಗಿ ನೋಡುತ್ತಿದ್ದಂತೆ ಅನ್ನಿಸುತ್ತಿತ್ತು. ಈಗಲೂ ಅನ್ನಿಸಿತು. ಆದರೆ ಇಂದು ಆಕೆಗೆ ಎದ್ದು ಅವನ ಹಿಂದೆ ಹೋಗುವ ಶಕ್ತಿ ಇರಲಿಲ್ಲ.

"ಗೊತ್ತು ಮಗಳೇ," ಎಂದಳು. "ಆದರೂ ನಾನಿನ್ನು ಆಗಲ್ಲ ಅಂತೀನಿ."

ಕೈ ಒರೆಸಿಕೊಂಡು, ಹಿಟ್ಟಿನ ಹಲಗೆಯ ಅಂಚಿನಲ್ಲೇ ಕಾಗದವಿಟ್ಟು ಬರೆದಳು: ಮೊದಲನೇ ಸಾಲು ಬೇಡ, ಎರಡನೆಯದೂ ಬೇಡ. ಕೊನೇ ಸಾಲಿನಲ್ಲಿ ವಾಂಡಾಳ ಪಕ್ಕ ಒಂದು ಛತ್ರಿ ಹಾಕಿಸಬೇಕು. ಲಕೋಟೆಗೆ ಹಿಟ್ಟು ಮೆತ್ತಿಕೊಂಡಿತು. ಲೊರೆಡಾನಾ ಅದನ್ನು ಕಿತ್ತುಕೊಳ್ಳಲಿಲ್ಲ. ಮೆಟ್ಟಿಲಿಳಿಯುವಾಗ ತಾಯಿಯ ತೋಳು ಹಿಡಿದುಕೊಂಡಳು, ಅಷ್ಟೆ. ಮುಖ ಮಾತ್ರ ಬಿಗಿದೇ ಇತ್ತು.

ಬೀದಿಯ ತುದಿಯ ಕೆಂಪು ಅಂಚೆ ಡಬ್ಬಿಯ ಮುಂದೆ ಇಬ್ಬರೂ ನಿಂತರು. "ಕೊನೇ ಸಾಲಿಗೂ ಕಾಯೋರು ಇರ್ತಾರೇನೋ," ಎಂದಳು ಮಗಳು, ಇನ್ನೂ ಸ್ವಲ್ಪ ಆಸೆ ಇಟ್ಟುಕೊಂಡು.

"ಇಲ್ಲ," ಎಂದಳು ಎರ್ಮಿನಿಯಾ, ಕಾಗದವನ್ನು ಡಬ್ಬಿಯೊಳಗೆ ಬಿಡುತ್ತ. "ಅಲ್ಲಿಗೆ ಹೋಗೋಕೆ ಯಾರೂ ಸಾಯಬೇಕಾಗಿಲ್ಲ."