ಜಿಲಾನಿಗೆ ಬಂದ ತಾರ

ಅಂಚೆ ಮಾಸ್ತರ ಬಸಲಿಂಗಯ್ಯ ತಂತಿಯ ಕಾಗದ ಹಿಡಿದು ಅಂಗಳಕ್ಕೆ ಬಂದದ್ದೇ ತಡ, ಜುಲೇಖಾ ಸೆರಗು ಬಾಯಿಗೆ ಒತ್ತಿಕೊಂಡಳು. "ಯಾರು ಹೋದ್ರು, ಮಾಸ್ತರ್ರ?"

"ಯಾರೂ ಹೋಗಿಲ್ಲವ್ವ. ವಿಜಾಪುರದಿಂದ ನಿಮ್ಮಣ್ಣ ಮಲ್ಲಿಕಸಾಬ ತಾರ ಕಳಿಸ್ಯಾನ. ಚುನಾವಣೆಯಲ್ಲಿ ಗೆದ್ದದ್ದಕ್ಕೆ ಹಾರ್ದಿಕ ಅಭಿನಂದನೆಗಳು, ಅಂತ."

ಕಟ್ಟೆಯ ಮೇಲೆ ಕೂತಿದ್ದ ಅವಳ ಗಂಡ ಜಿಲಾನಿಯ ಮುಖ ಕೆಂಪಾಯಿತು. ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯ ಆ ಹಳ್ಳಿಯಲ್ಲಿ ಹಿಂದಿನ ದಿನವಷ್ಟೇ ಪಂಚಾಯಿತಿ ಚುನಾವಣೆಯ ಎಣಿಕೆ ಮುಗಿದು, ಅವನು ಖಂಡಪ್ಪನ ಎದುರು ಸೋತಿದ್ದ. ಸೋತದ್ದಕ್ಕಿಂತ ಹೆಂಡತಿಯ ಅಣ್ಣ ತಂತಿ ಹೊಡೆದು ಅಣಕಿಸಿದ್ದು ಅವನಿಗೆ ಹೆಚ್ಚು ಉರಿಯಿತು. "ನಿಮ್ಮಣ್ಣ ಇನ್ನ ಈ ಹೊಸ್ತಿಲಾ ತುಳೀಬಾರದು," ಎಂದ.

ಮಧ್ಯಾಹ್ನದ ಬಸ್ಸಿಗೆ ಮಲ್ಲಿಕಸಾಬನೇ ಬಂದಿಳಿದ. "ಧೈರ್ಯಗೆಡಬ್ಯಾಡ ಅಂತ ಕಳಸೇನಿ, ಅಲ್ಲಾನ ಆಣಿ," ಎಂದು ತಂಗಿಯ ಗಂಡನನ್ನು ಅಂಚೆ ಕಚೇರಿಗೆ ಎಳೆದುಕೊಂಡು ಹೋದ. ಅಲ್ಲಿ ವಿಷಯ ಬಯಲಾಯಿತು. ಮಾತಿನ ಬದಲು ನಂಬರು ಕಳಿಸಿದರೆ ತಂತಿ ಅಗ್ಗ. ಯಾವ ನಂಬರಿಗೆ ಯಾವ ಮಾತು ಎಂಬುದನ್ನು ಕಚೇರಿಯ ಪಟ್ಟಿ ಹೇಳುತ್ತದೆ. ವಿಜಾಪುರದ ತಾರ ಕಚೇರಿಯ ಗುಮಾಸ್ತ ಹೊಸ ಪಟ್ಟಿ ನೋಡಿ ನಂಬರು ಕಳಿಸಿದ್ದ. ಬಸಲಿಂಗಯ್ಯ ಅದನ್ನು ಹಳೆಯ ಪಟ್ಟಿಯಲ್ಲಿ ಓದಿದ್ದ.

"ಹೊಸಾದು ಯಾಕ ತರಿಸಿಲ್ರಿ?" ಮಲ್ಲಿಕಸಾಬ ಕೇಳಿದ.

"ಬೇಕಾದವರು ತರಿಸ್ಕೋಬಹುದು ಅಂತ ಕಾಯ್ದೆದಾಗ ಬರದಾರ. ತರಿಸ್ಕೋಬೇಕು ಅಂತ ಬರದಿಲ್ಲ."

"ಹಂಗಾರ ತಪ್ಪು ಆ ಗುಮಾಸ್ತಂದು."

"ಅವಂದೂ ಅಲ್ಲ. ನಮ್ಮ ಕಡೆ ಯಾವ ಪಟ್ಟಿ ಅದ ಅಂತ ಕೇಳಬಹುದು ಅಂತದ, ಕೇಳಬೇಕು ಅಂತಿಲ್ಲ. ಇಬ್ಬರೂ ಕಾಯ್ದೆ ಪ್ರಕಾರನ ಮಾಡೇವಿ," ಎಂದು ಬಸಲಿಂಗಯ್ಯ ಸಮಾಧಾನವಾಗಿ ಎಲೆಗೆ ಸುಣ್ಣ ಹಚ್ಚಿದ.

ಆದರೆ ಬೆಳಿಗ್ಗೆ ಅವನು ಓದಿ ಹೇಳಿದ್ದು ಆಚೆ ಓಣಿಗೂ ಕೇಳಿಸಿತ್ತು. ಸರಕಾರದ ತಾರ ಸುಳ್ಳು ಹೇಳೀತೇ? ಜಿಲಾನಿ ಮರಳಿದಾಗ ಅಂಗಳದ ತುಂಬ ಜನ. ಯಾರೋ ಗುಲಾಲು ಕೂಡ ತಂದಿದ್ದರು. ಅವರ ನಡುವಿನಿಂದ ಖಂಡಪ್ಪ ರುಮಾಲು ಕೈಯಲ್ಲಿ ಹಿಡಿದು ಮುಂದೆ ಬಂದ.

"ಕಾಕಾ, ಮತ್ತ ಎಣಿಸ್ಯಾರೇನ್ರಿ?"

ಒಂದು ಗಳಿಗೆ ಜಿಲಾನಿಯ ಎದೆ ಉಬ್ಬಿತು. ಸುಮ್ಮನಿದ್ದರೆ ಸಾಕಿತ್ತು. ಆದರೆ ಆ ಇಳಿದ ಮುಖ ನೋಡಲಾಗದೆ ಹೇಳಿಬಿಟ್ಟ: "ಇಲ್ಲೋ ತಮ್ಮಾ, ಗೆದ್ದಾಂವ ನೀನ. ತಾರಿನಾಗ ನಂಬರ ಅದಲಬದಲ ಆಗ್ಯದ."

ಖಂಡಪ್ಪ ತಲೆಯಾಡಿಸಿದ. "ನೀವು ದೊಡ್ಡವರು, ನನ್ನ ಮನಸ್ಸಿಗೆ ಹತ್ತಬಾರದಂತ ಹಂಗ ಅಂತೀರಿ. ನಾ ಗೆದ್ದಿದ್ರ ನನಗ್ಯಾಕ ತಾರ ಬರಲಿಲ್ಲ?"



ಮರುದಿನ ಜಿಲಾನಿ ಹೊಲಕ್ಕೆ ಹೊರಟಾಗ, ಊರಿನ ಹೊಸ ಮೆಂಬರು ಮಡಿ ಧೋತರ ಉಟ್ಟು, ಇನ್ನೂ ಬೀಗ ತೆಗೆಯದ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ.